ಪ್ಯಾಡ್ ಹಿಡಿದ ಭಾನುವಾರಗಳು

ಯಾರಾದರೂ ಬಂದು, ನಿಮ್ಮ ಗಂಡನಿಗೆ ಬಾಕ್ಸಿಂಗ್ ಕಲಿಸುತ್ತೇವೆ, ನೀವು ಎದುರಿಗೆ ನಿಂತು ಪ್ಯಾಡ್ ಹಿಡಿಯಬೇಕು ಎಂದರೆ, ಒಪ್ಪಿಕೊಳ್ಳುವ ಮುಂಚೆ ನೂರು ಸಲ ಯೋಚನೆ ಮಾಡಿ. ನಾನು ಮಾಡಲಿಲ್ಲ. ಹೂ ಅಂದೆ. ಆಗೆಲ್ಲ ಯಾರು ಏನು ಕೇಳಿದರೂ ನಾನು ಹೂ ಅನ್ನುತ್ತಿದ್ದೆ. ನಿಮ್ಮ ಮನೆಗೆ ಬೆಂಕಿ ಹಾಕಲಾ ಎಂದಿದ್ದರೆ, ಬೆಂಕಿಪೊಟ್ಟಣ ಒಲೆ ಪಕ್ಕ ಇದೆ ನೋಡಿ ಎಂದು ತೋರಿಸುತ್ತಿದ್ದೆನೇನೋ.

ನನ್ನ ಹೆಸರು ಬಿಂದುಶ್ರೀ. ತವರು ಗುಬ್ಬಿ. ಕೊಟ್ಟಿದ್ದು ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಡ್ಯಾಮಿನ ಕಡೆಯ ಒಂದು ಊರಿಗೆ. ಅಲ್ಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನೇ. ಯಾರು ಎಷ್ಟು ನೀರು ಬೆರೆಸಿದ್ದಾರೆ ಎಂದು ಯಂತ್ರಕ್ಕೆ ಹಾಕುವ ಮುಂಚೆ ಅವರ ಮುಖ ನೋಡಿಯೇ ಹೇಳುತ್ತೇನೆ. ಅದಕ್ಕೇ ಊರಲ್ಲಿ ಅರ್ಧ ಜನಕ್ಕೆ ನನ್ನನ್ನು ಕಂಡರೆ ಆಗುವುದಿಲ್ಲ. ಅತ್ತೆ ಹೊಂಬಾಳಮ್ಮ ಮಾತ್ರ ನನಗೆ ಹೆದರುವವಳಲ್ಲ. ನಾನು ಗಟ್ಟಿಯಾಗಿ ಎರಡು ಮಾತಾಡಿದರೆ ಸಾಕು, "ಗುಬ್ಬಿಯೋಳಲ್ವಾ, ನಾಟ್ಕಕ್ಕೇನ್ ಕಮ್ಮಿ" ಅನ್ನುತ್ತಾಳೆ. ನಮಗೆ ಮಕ್ಕಳಿಲ್ಲ. ಅದರ ಕತೆ ಇಲ್ಲಿ ಬೇಡ.

ಗಂಡ ಲಕ್ಷ್ಮೀಕಾಂತ, ತೆಂಗಿನಕಾಯಿ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಎದುರಿಗೆ ನಾನು ಅವನನ್ನು ರೀ ಅನ್ನುತ್ತೇನೆ, ಬನ್ನಿ ಹೋಗಿ ಅನ್ನುತ್ತೇನೆ. ಇಲ್ಲಿ ಅವನು ಎಂದೇ ಬರೆಯುತ್ತೇನೆ. ಹದಿನಾರು ವರ್ಷ ಸಂಸಾರ ಮಾಡಿದ್ದೇನೆ, ಅಷ್ಟು ಹಕ್ಕಿದೆ.

ಕುಡಿಯುತ್ತಿದ್ದ ಎಂದರೆ ಸಾಲದು. ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಬೇಕಾಗುತ್ತಿತ್ತು. ಎರಡು ಸಲ ನನ್ನ ಮೇಲೆ ಕೈ ಮಾಡಿದ. ಎರಡೂ ಸಲ ಮಾರನೆಯ ದಿನ ನೆನಪಿಲ್ಲ ಎಂದ. ಸುಳ್ಳು ಹೇಳುತ್ತಿರಲಿಲ್ಲ, ಸುಳ್ಳು ನನಗೆ ಗೊತ್ತಾಗುತ್ತದೆ. ಎರಡನೆಯ ಸಲ ಹೊಡೆದಾಗ ಕೆನ್ನೆ ಊದಿಕೊಂಡಿತು, ಆದರೆ ನೋವಾಗಲಿಲ್ಲ. ಕನ್ನಡಿ ಮುಂದೆ ನಿಂತು ಬೆರಳಿನಿಂದ ಒತ್ತಿ ಒತ್ತಿ ನೋಡಿದೆ. ಏನೂ ಇಲ್ಲ. ಅವತ್ತಿನಿಂದ ನನಗೆ ಏನಾದರೂ ಆಗುವುದೇ ನಿಂತುಹೋಯಿತು. ನನ್ನ ಅಪ್ಪ ಸತ್ತಾಗಲೂ ಗುಬ್ಬಿಗೆ ಹೋಗಿ, ಬಂದವರಿಗೆಲ್ಲ ಕಾಫಿ ಕಾಸಿ ಕೊಟ್ಟು, ಮೂರನೆಯ ದಿನ ಬಂದು ಡೇರಿಯಲ್ಲಿ ಕೂತೆ. ಜನ ಎಷ್ಟು ಗಟ್ಟಿ ಹೆಂಗಸು ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಮರಗಟ್ಟಿ ಹೋಗಿದ್ದೆ.

ಹೋದ ವರ್ಷ ಅವನು ಲೋಡ್ ಸಮೇತ ಟೆಂಪೋವನ್ನು ಯಡಿಯೂರಿನ ಹತ್ತಿರ ಹಳ್ಳಕ್ಕೆ ಇಳಿಸಿದ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆಸ್ಪತ್ರೆಯ ಡಾಕ್ಟರು ಸ್ಕ್ಯಾನಿಂಗ್ ನೋಡಿ ನನ್ನನ್ನು ಹೊರಗೆ ಕರೆದು ಹೇಳಿದರು, "ಲಿವರ್ ಮುಕ್ಕಾಲು ಹೋಗಿದೆಯಮ್ಮ. ಇನ್ನೊಂದು ಸಲ ಶುರು ಮಾಡಿದರೆ ಉಳಿಯೋದಿಲ್ಲ." ಹೂ ಅಂದೆ. ಅಲ್ಲಿಂದ ನೇರ ತುಮಕೂರಿನ ಉಪ್ಪಾರಹಳ್ಳಿಯಲ್ಲಿರುವ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದೆ. ತೊಂಬತ್ತು ದಿನ ಇರಬೇಕು. ತೊಂಬತ್ತೊಂದನೆಯ ದಿನ ಮನೆಯವರು ಬಂದು, ಇವರ ಜವಾಬ್ದಾರಿ ನಮ್ಮದು ಎಂದು ಸಹಿ ಹಾಕಿ ಕರೆದುಕೊಂಡು ಹೋಗಬೇಕು.

ಕೇಂದ್ರದ ಹಿಂದೆ ಶೀಟು ಹೊದಿಸಿದ ಒಂದು ಶೆಡ್ಡಿತ್ತು. ಒಳಗೆ ನಾಲ್ಕು ಚೀಲ ನೇತುಹಾಕಿದ್ದರು. ಹಳೇ ಬಟ್ಟೆ, ತೆಂಗಿನ ನಾರು ತುಂಬಿದ ಚೀಲಗಳು. ಅಲ್ಲಿಯ ಯಜಮಾನ ಗಂಗಹನುಮಯ್ಯ, ಮಿಲಿಟರಿಯಲ್ಲಿ ಸುಬೇದಾರರಾಗಿದ್ದವರು, ರೆಜಿಮೆಂಟಿಗೆ ಬಾಕ್ಸಿಂಗ್ ಆಡಿದವರು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಅವರೂ ಒಂದು ಕಾಲಕ್ಕೆ ಕುಡಿದು ಕುಡಿದು ಹಾಳಾಗಿದ್ದವರು, ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ದಿನಾ ಸಂಜೆ ಆರು ಗಂಟೆಗೆ, ಅಂದರೆ ಕುಡಿಯುವವರಿಗೆ ಕೈ ನಡುಗಲು ಶುರುವಾಗುವ ಹೊತ್ತಿಗೆ, ಎಲ್ಲರ ಕೈಗೂ ಬಟ್ಟೆಯ ಪಟ್ಟಿ ಸುತ್ತಿಸಿ, ಹಗ್ಗ ಜಿಗಿಸಿ, ಚೀಲಕ್ಕೆ ಹೊಡೆಸುತ್ತಿದ್ದರು. "ನಡುಗೋ ಕೈಗೆ ಕೆಲ್ಸ ಕೊಡ್ಬೇಕು ಕಣವ್ವ. ಸುಮ್ನೆ ಬುಟ್ರೆ ಅದು ಬಾಟ್ಲಿ ಹುಡ್ಕತದೆ" ಎಂದು ನನಗೆ ಹೇಳಿದ್ದರು.

ಭಾನುವಾರ ಬೆಳಿಗ್ಗೆ ಮನೆಯವರ ಪಾಳಿ. ಕುಡಿಯುತ್ತಿದ್ದವನು ಗ್ಲೌಸ್ ಹಾಕಿಕೊಂಡು ನಿಲ್ಲಬೇಕು, ಮನೆಯವರು ಎರಡು ಕೈಗೂ ದಪ್ಪ ಪ್ಯಾಡ್ ಸಿಕ್ಕಿಸಿಕೊಂಡು ಎದುರಿಗೆ ನಿಲ್ಲಬೇಕು. ಅವನು ಹೊಡೆಯಬೇಕಾದದ್ದು ಪ್ಯಾಡಿಗೆ ಮಾತ್ರ. ಆದರೆ ಮೊದಲು "ಹೊಡೀಲಾ?" ಎಂದು ಕೇಳಬೇಕು. ಎದುರಿನವರು "ಹೊಡಿ" ಅಂದರೆ ಮಾತ್ರ ಹೊಡೆತ. ಸುಮ್ಮನಿದ್ದರೆ ಇವನೂ ಕೈ ಇಳಿಸಿಕೊಂಡು ನಿಂತಿರಬೇಕು. ಒಬ್ಬ ಹೆಂಗಸು ಮೂರು ಭಾನುವಾರ ಬಾಯಿ ಬಿಡದೆ ಗಂಡನನ್ನು ಹಾಗೇ ನಿಲ್ಲಿಸಿದ್ದಳಂತೆ. ಭಲೆ ಎಂದುಕೊಂಡೆ.

ಮೊದಲ ಭಾನುವಾರ ಲಕ್ಷ್ಮೀಕಾಂತ ನನ್ನ ಮುಖ ನೋಡಲಾರದೆ ಪ್ಯಾಡನ್ನೇ ನೋಡುತ್ತ ಕೇಳಿದ, "ಹೊಡೀಲಾ?"

"ಹೊಡೀರಿ" ಅಂದೆ.

ಮೆತ್ತಗೆ ತಾಗಿಸಿದ, ಕೋಳಿಮರಿ ಕುಕ್ಕಿದಂತೆ. ಮೇಷ್ಟ್ರು ಗದರಿದರು, "ಏನ್ಲಾ, ಮುದ್ದಾಡಕ್ ಬಂದಿದೀಯಾ? ಸರ್ಯಾಗ್ ಹೊಡಿ." ಹೊಡೆದ. ನನ್ನ ಮೊಣಕೈವರೆಗೂ ಜುಂ ಅಂದಿತು. ಮೇಷ್ಟ್ರು ನನ್ನ ಕಡೆ ತಿರುಗಿ, "ಏನನ್ನಿಸ್ತವ್ವ?" ಎಂದು ಕೇಳಿದರು. ಏನೂ ಅನ್ನಿಸಲಿಲ್ಲ ಎಂದೆ. ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ, "ಆಯ್ತು, ಮುಂದಿನ್ ವಾರ ಬಾ" ಅಂದರು. ಅವರಿಗೆ ಅಳುವ ಹೆಂಗಸರು ಅಭ್ಯಾಸ. ನನ್ನಂಥವರು ಕಡಿಮೆ ಇರಬೇಕು.

ಹೀಗೇ ವಾರಗಳು ಕಳೆದವು. ಅವನಲ್ಲಿ ಬದಲಾವಣೆ ಕಾಣುತ್ತಿತ್ತು. ಕಣ್ಣಿನ ಹಳದಿ ಹೋಯಿತು, ಹೆಗಲು ಮೇಲೆದ್ದಿತು. "ಬಿಂದು, ಇವತ್ತು ಲೋಟ ಎತ್ತುವಾಗ ಕೈ ನಡುಗ್ಲಿಲ್ಲ ಕಣೇ" ಎಂದು ಒಂದು ದಿನ ಸಂತೋಷದಿಂದ ಹೇಳಿದ. ಹೂ ಅಂದೆ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನನ್ನು ನಾನೇ ಬೈದುಕೊಂಡೆ. ಥೂ, ನಿನಗೇನಾಗಿದೆ ರೋಗ? ಗಂಡ ಸಾವಿನ ಬಾಯಿಂದ ವಾಪಸು ಬರುತ್ತಿದ್ದಾನೆ, ಒಂದು ಸಲ ನಕ್ಕರೆ ನಿನ್ನ ಗಂಟೇನು ಹೋಗುತ್ತದೆ? ಆದರೆ ನಗು ಬರಲಿಲ್ಲ. ಯಾಕೆಂದರೆ ಇಂಥದ್ದನ್ನು ನಾನು ಹನ್ನೊಂದು ಸಲ ನೋಡಿದ್ದೆ.

ಮಾಲೆಯ ವಿಷಯ ಹೇಳಲೇಬೇಕು. ಪ್ರತಿವರ್ಷ ಕಾರ್ತಿಕದಲ್ಲಿ ಅವನು ಅಯ್ಯಪ್ಪ ಸ್ವಾಮಿಯ ಮಾಲೆ ಹಾಕುತ್ತಿದ್ದ. ನಲವತ್ತೆಂಟು ದಿನ ಹೆಂಡವಿಲ್ಲ, ಬೀಡಿಯಿಲ್ಲ, ಕಾಲಿಗೆ ಚಪ್ಪಲಿಯಿಲ್ಲ. ಬೆಳಗಿನ ಜಾವ ಕೊರೆಯುವ ನೀರಿನಲ್ಲಿ ಸ್ನಾನ. ಊರೆಲ್ಲ ಅವನನ್ನು ಸ್ವಾಮಿ ಎಂದು ಕರೆಯುತ್ತಿತ್ತು, ಹೆತ್ತ ತಾಯಿಯೂ ಸ್ವಾಮಿ ಅನ್ನುತ್ತಿದ್ದಳು. ಆ ನಲವತ್ತೆಂಟು ದಿನ ನನ್ನ ಮನೆಯಲ್ಲಿ ಗಂಡಸು ಇರುತ್ತಿದ್ದ. ಬೆಟ್ಟಕ್ಕೆ ಹೋಗಿ ಬಂದು, ಮಾಲೆ ತೆಗೆದು ದೇವರ ಪಟಕ್ಕೆ ಹಾಕಿದ ದಿನ ಅತ್ತೆ ಕೋಳಿ ಕುಯ್ಯುತ್ತಿದ್ದಳು. ಅವತ್ತೇ ಅವನು ಕುಡಿಯುತ್ತಿದ್ದ. ನಮ್ಮ ಕಡೆ ಇದು ಹೊಸದೇನಲ್ಲ. ಮಾಲೆ ತೆಗೆದ ಮೇಲೆ ಮನುಷ್ಯ ಬಿಡುಗಡೆಯಾದ ಎಂದೇ ಲೆಕ್ಕ. ವ್ರತ ಮುಗಿಯಿತಲ್ಲ, ಇನ್ನೇನು?

ಮೊದಲ ವರ್ಷ ಮಾಲೆ ತೆಗೆದವನು ಹೊರಗೆ ಹೋಗಿ ಮೂರು ದಿನವಾದ ಮೇಲೆ ಬಂದ. ಪಂಚೆ ಒಂದು ಕಡೆ ಹರಿದಿತ್ತು, ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಎರಡನೆಯ ವರ್ಷ ನಾನೇ ಕುಣಿಗಲ್ಲಿಗೆ ಹೋಗಿ, ಸೆರಗನ್ನು ಮುಖಕ್ಕೆ ಎಳೆದುಕೊಂಡು, ಬ್ರಾಂದಿ ಅಂಗಡಿಯಲ್ಲಿ ಒಂದು ಕ್ವಾರ್ಟರ್ ಕೊಂಡು ತಂದೆ. ಅತ್ತೆ ಕೊಟ್ಟಿಗೆಗೆ ಹೋದಾಗ ಅವನ ತಟ್ಟೆಯ ಪಕ್ಕ ಇಟ್ಟೆ. ಹೊರಗೆ ಹೋಗಿ ಎಲ್ಲೋ ಬಿದ್ದಿರುವುದಕ್ಕಿಂತ ಮನೆಯಲ್ಲಿ ನನ್ನ ಕಣ್ಣ ಮುಂದೆ ಒಂದು ಅಳತೆಯಲ್ಲಿ ಕುಡಿಯಲಿ ಎಂದು. ದಿನಬೆಳಗಾದರೆ ಹಾಲು ಅಳೆಯುವವಳು ನೋಡಿ, ಅಳತೆಗೆ ಸಿಕ್ಕಿದ್ದೆಲ್ಲ ಹತೋಟಿಗೆ ಸಿಕ್ಕಿತು ಎಂದುಕೊಂಡೆ. ಅವನು ಅದನ್ನು ಮುಗಿಸಿ ಎದ್ದು ಹೊರಗೆ ಹೋದ. ಆಮೇಲೂ ನನಗೆ ಬುದ್ಧಿ ಬರಲಿಲ್ಲ. ಮುಂದಿನ ವರ್ಷವೂ ತಂದೆ. ಹತ್ತು ವರ್ಷ ತಂದೆ.

ಅತ್ತೆಗೆ ಇದು ಗೊತ್ತಿರಲಿಲ್ಲ. ಪ್ರತಿಸಲ ಬೀದಿಗೆ ಮಣ್ಣು ತೂರಿ ಶಾಪ ಹಾಕುತ್ತಿದ್ದಳು, "ನನ್ ಮಗುಂಗೆ ಯಾವ ಮನೆಹಾಳ ಕುಡ್ಸಿದ್ನೋ, ಅವ್ನ ಮನೇಲಿ ತೊಟ್ಲೇ ತೂಗ್ದೆ ಹೋಗ್ಲಿ." ನಾನು ಪಕ್ಕದಲ್ಲೇ ಪಾತ್ರೆ ತೊಳೆಯುತ್ತ ನಿಂತಿರುತ್ತಿದ್ದೆ. ಲಕ್ಷ್ಮೀಕಾಂತನೂ ಬಾಯಿ ಬಿಡಲಿಲ್ಲ. ಕೇಂದ್ರದಲ್ಲಿ ಎಲ್ಲರನ್ನೂ ಸುತ್ತ ಕೂರಿಸಿ ಮಾಲೆ ತೆಗೆದ ಮೇಲೆ ಯಾಕೆ ಕುಡಿದೆ ಎಂದು ಮೇಷ್ಟ್ರು ಕೇಳಿದಾಗಲೂ, ತೆಂಗಿನಕಾಯಿ ಮಂಡಿಯ ಸ್ನೇಹಿತರು ಕರೆದರು, ಹೋದೆ ಎಂದ. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಚೀಲದಿಂದ ಹೊರಗೆ ಇಣುಕಿದ್ದ ನಾರನ್ನು ನೋಡುತ್ತ ಕೂತಿದ್ದೆ.

ತೊಂಬತ್ತೊಂದನೆಯ ದಿನವೂ ಭಾನುವಾರವೇ ಬಂತು. ಅತ್ತೆ ಹಿಂದಿನ ದಿನವೇ ಮನೆ ಸಾರಿಸಿದ್ದಳು. ನಾನು ಹೊರಡುವಾಗ ಹಿತ್ತಲಲ್ಲಿ ಕೋಳಿ ಹಿಡಿಯಲು ಓಡಾಡುತ್ತಿದ್ದಳು. "ಮಧ್ಯಾಹ್ನಕ್ಕೆಲ್ಲ ಬಂದ್ಬುಡಿ, ಸಾರು ಆರಿದ್ರೆ ಅವ್ನಿಗೆ ಸೇರಲ್ಲ" ಎಂದಳು. ಕುಣಿಗಲ್ಲಿನಲ್ಲಿ ಇಳಿದು ತುಮಕೂರಿನ ಬಸ್ಸು ಹತ್ತಿದೆ. ಹೆಬ್ಬೂರು ದಾಟಿದ ಮೇಲೆ ಬಿಸಿಲು ಹೆಚ್ಚಾಯಿತು, ಬೆವರು ಒರೆಸಿಕೊಳ್ಳಲು ಕರ್ಚೀಫಿಗೆ ಬ್ಯಾಗಿನೊಳಗೆ ಕೈ ಹಾಕಿದೆ. ಕೈಗೆ ಬಾಟಲಿ ಸಿಕ್ಕಿತು.

ಕೊಂಡಿದ್ದು ನೆನಪಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು, ಕುಣಿಗಲ್ಲಿನ ಆ ಬ್ರಾಂದಿ ಅಂಗಡಿ ಆಗ ತಾನೇ ಬಾಗಿಲು ತೆಗೆದಿತ್ತು, ನಾನು ಸೆರಗೆಳೆದುಕೊಂಡು ಹೋಗಿದ್ದೆ, ಅದೇ ಕ್ವಾರ್ಟರ್ ಕೇಳಿದ್ದೆ. ಆದರೆ ಕೊಳ್ಳಬೇಕು ಎಂದು ಯೋಚಿಸಿದ್ದು ನೆನಪಿರಲಿಲ್ಲ. ದಿನಗಳು ಮುಗಿದವು, ಕೋಳಿ ಕುಯ್ಯುತ್ತಿದ್ದಾರೆ, ಹಾಗಾದರೆ ಇದೂ ಬೇಕಲ್ಲ ಎಂದು ಕಾಲು ತಾನೇ ನಡೆದಿತ್ತು. ಹೊಸಿಲು ತೊಳೆದ ಮೇಲೆ ರಂಗೋಲಿ ಹಾಕುವುದಿಲ್ಲವೇ, ಹಾಗೆ. ಕಿಟಕಿಯಿಂದ ಎಸೆಯಬಹುದಿತ್ತು. ಎಸೆಯಲಿಲ್ಲ. ಮನೆಯಲ್ಲೇ ಒಂದು ಅಳತೆಯಲ್ಲಿ ಎಂಬ ಆ ಹಳೇ ಮಾತು ತಲೆಯೊಳಗೆ ಓಡುತ್ತಲೇ ಇತ್ತು. ಬಾಟಲಿಯನ್ನು ಅವನಿಗೆ ತಂದಿದ್ದ ಹೊಸ ಶರ್ಟಿನಲ್ಲಿ ಸುತ್ತಿ, ಬ್ಯಾಗಿನ ತಳಕ್ಕೆ ತಳ್ಳಿ ಜಿಪ್ ಎಳೆದೆ.

ಕೇಂದ್ರದ ಗೇಟಿನಲ್ಲಿ ಬ್ಯಾಗು ನೋಡುವವಳು ಚಿಕ್ಕಗಂಗಮ್ಮ. ಬಂದವರ ಊಟದ ಡಬ್ಬಿಯನ್ನೂ ಬಿಚ್ಚಿ ಮೂಸುತ್ತಾಳೆ, ಯಾರನ್ನೂ ಬಿಡುವುದಿಲ್ಲ. ನಾನು ಬ್ಯಾಗನ್ನು ಮುಂದೆ ಹಿಡಿದೆ. ಅವಳು ಕೈ ಆಡಿಸಿಬಿಟ್ಟಳು. "ನಿಂದೇನ್ ನೋಡೋದ್ ಬುಡವ್ವ, ಒಂದ್ ವಾರ ತಪ್ಪಿಸ್ದೋಳಲ್ಲ. ಹೋಗು, ಗಂಡನ್ನ ಕರ್ಕೊಂಡ್ ನೆಮ್ಮದಿಯಾಗಿರು." ನಾನು ಒಳಗೆ ಹೋದೆ.

ಆಫೀಸಿನಲ್ಲಿ ಸಹಿಯ ಕಾಗದ ಸಿದ್ಧವಿತ್ತು. ಮೇಷ್ಟ್ರು, ಕೊನೇ ಸಲ ಎರಡು ರೌಂಡ್ ಪ್ಯಾಡ್ ಹಿಡಿ, ಆಮೇಲೆ ಸಹಿ ಎಂದರು. ಬ್ಯಾಗನ್ನು ಶೆಡ್ಡಿನ ಗೋಡೆಯ ಮೊಳೆಗೆ ನೇತುಹಾಕಿ ಪ್ಯಾಡ್ ಸಿಕ್ಕಿಸಿಕೊಂಡೆ. ಲಕ್ಷ್ಮೀಕಾಂತ ಬಂದು ಎದುರಿಗೆ ನಿಂತ. ಕ್ಷೌರ ಮಾಡಿಸಿಕೊಂಡಿದ್ದ. ಹಣೆಗೆ ವಿಭೂತಿ ಇಟ್ಟಿದ್ದ. ಮದುವೆ ಗಂಡಿನ ಹಾಗೆ ಕಾಣುತ್ತಿದ್ದ ಎಂದು ಹೇಳಿದರೆ ಅತಿಯಾಗುತ್ತದೆ, ಆದರೆ ಮನುಷ್ಯನ ಹಾಗೆ ಕಾಣುತ್ತಿದ್ದ.

"ಹೊಡೀಲಾ?"

"ಹೊಡೀರಿ."

ಮೊದಲ ಏಟು ಸರಿಯಾಗಿ ಬಿತ್ತು. ಎರಡನೆಯದು ಪ್ಯಾಡಿನ ಅಂಚಿಗೆ ತಾಗಿತು. ಮೂರನೆಯದು ಗಾಳಿಗೆ ಹೋಯಿತು. "ಕಣ್ಣೆಲ್ಲೈತ್ಲಾ ನಿಂದು?" ಎಂದು ಮೇಷ್ಟ್ರು ಕೂಗಿದರು. ನಾನೂ ಆಗಲೇ ನೋಡಿದೆ. ಅವನ ಕಣ್ಣು ಪ್ಯಾಡಿನ ಮೇಲಿರಲಿಲ್ಲ, ನನ್ನ ಮೇಲೂ ಇರಲಿಲ್ಲ. ನನ್ನ ಹೆಗಲ ಹಿಂದೆ, ಗೋಡೆಯ ಮೇಲೆ ನೇತಾಡುತ್ತಿದ್ದ ಬ್ಯಾಗಿನ ಮೇಲಿತ್ತು. ಒಂದು ಏಟು ಹೊಡೆಯುತ್ತಿದ್ದ, ಬ್ಯಾಗು ನೋಡುತ್ತಿದ್ದ. ಹಾಲಿಗೆ ನೀರು ಹಾಕಿ ತಂದವರು ನನ್ನ ಕೈಯಲ್ಲಿರುವ ಯಂತ್ರವನ್ನು ನೋಡುವ ರೀತಿ ನನಗೆ ಚೆನ್ನಾಗಿ ಗೊತ್ತು. ಇವನದು ಅದಲ್ಲ. ಇದು ತುತ್ತಿಗಾಗಿ ಕೈಯನ್ನೇ ನೋಡುವ ಮಗುವಿನ ನೋಟ.

ನಾನು ಪ್ಯಾಡ್ ಕಳಚಿ ಕೆಳಗೆ ಹಾಕಿದೆ. ಬ್ಯಾಗಿನಿಂದ ಶರ್ಟು ತೆಗೆದು, ಬಿಚ್ಚಿ, ಬಾಟಲಿಯನ್ನು ಮೇಷ್ಟ್ರ ಮುಂದೆ ನೆಲದ ಮೇಲಿಟ್ಟೆ. "ಇದನ್ನ ನಾನು ತಂದೆ ಮೇಷ್ಟ್ರೇ. ಇವ್ರಿಗೇ ಅಂತ ತಂದೆ. ವರ್ಷಾ ವರ್ಷಾ ಮಾಲೆ ತೆಗೆದಾಗ್ಲೂ ನಾನೇ ತಂದ್ಕೊಡ್ತಿದ್ದೆ. ಮಂಡಿ ಸ್ನೇಹಿತ್ರು ಯಾರೂ ಇಲ್ಲ."

ಶೆಡ್ಡಿನಲ್ಲಿ ಹಗ್ಗ ಜಿಗಿಯುತ್ತಿದ್ದವರೆಲ್ಲ ನಿಂತರು. ಮೇಷ್ಟ್ರು ಬೈಯುತ್ತಾರೆ ಎಂದುಕೊಂಡೆ. ಅವರು ಬಾಗಿ ಬಾಟಲಿಯನ್ನು ಎತ್ತಿಕೊಂಡು ಬೆನ್ನ ಹಿಂದೆ ಹಿಡಿದರು. ಲಕ್ಷ್ಮೀಕಾಂತ ಗ್ಲೌಸಿನಿಂದಲೇ ಮುಖ ಒರೆಸಿಕೊಂಡ.

"ನಂಗೊತ್ತಿತ್ತು ಬಿಂದು" ಅಂದ.

"ಏನ್ ಗೊತ್ತಿತ್ತು?"

"ನೀನ್ ತರ್ತೀಯ ಅಂತ. ಬೆಳಗಿಂದ ಕಾಯ್ತಾ ಇದೀನಿ. ಬೆಳಗಿಂದ ಏನು, ಸೇರಿದ್ ದಿನದಿಂದ್ಲೂ. ತೊಂಬತ್ ದಿನ ತಾನೇ, ಆಮೇಲೆ ಬಿಂದು ತಂದ್ಕೊಡ್ತಾಳೆ ಅಂತ್ಲೇ ತಡ್ಕೊಂಡಿದ್ದೆ." ಅವನು ಹಲ್ಲಿನಿಂದ ಗ್ಲೌಸಿನ ಪಟ್ಟಿ ಎಳೆದ. "ನೀನಿಲ್ಲಿ ತೆಗೀದೆ ಇದ್ದಿದ್ರೆ, ಮನೇಲಿ ಕೊಟ್ಟಿದ್ರೆ, ಬೇಡ ಅಂತಿರ್ಲಿಲ್ಲ ನಾನು."

ಆಗ ನನಗೆ ಹೆದರಿಕೆಯಾಯಿತು. ಸಾರಿಸಿದ ಪಡಸಾಲೆ, ಬಿಸಿ ಸಾರು, ಪಕ್ಕದಲ್ಲಿ ನಾನಿಟ್ಟ ಬಾಟಲಿ, ಹದಿನೈದು ದಿನಕ್ಕೋ ತಿಂಗಳಿಗೋ ಅದೇ ಪಡಸಾಲೆಯಲ್ಲಿ ಮಲಗಿಸಿದ ಇವನ ಹೆಣ, ಎಲ್ಲ ಕಣ್ಣಿಗೆ ಕಟ್ಟಿತು. ಕೊಲ್ಲಲು ಹೊರಟಿದ್ದೆ ನಾನು. ಕೈಕಾಲು ಸ್ವಾಧೀನದಲ್ಲಿದ್ದು, ಕುಡಿಯದೆ, ಹಾಡಹಗಲು. ಅಯ್ಯೋ ದೇವರೇ ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ನನಗೆ ಏನೋ ಒಂದು ಆಗಿತ್ತು, ಅದು ಈ ಹೆದರಿಕೆ.

ಅವನು ಬಂದು ಪಕ್ಕದಲ್ಲಿ ಕೂತ. ಮುಟ್ಟಲಿಲ್ಲ.

"ಮನೆಗ್ ಬೇಡ ಕಣ್ರೀ" ಅಂದೆ.

"ಹೂ" ಅಂದ. ಈ ಸಲ ಹೂ ಎಂದವನು ಅವನು.

"ಇನ್ನೊಂದ್ ಮೂರ್ ತಿಂಗ್ಳು ಇಲ್ಲೇ ಇರಿ. ಆಮೇಲೂ ನಾನ್ ಸರಿಹೋಗಿಲ್ಲ ಅಂದ್ರೆ, ಇಲ್ಲೇ ಎಲ್ಲಾದ್ರೂ ರೂಮ್ ಮಾಡ್ಕೊಳಿ. ನನ್ ಮನೆಗ್ ಬರ್ಬೇಡಿ."

ಮೇಷ್ಟ್ರು ಆಫೀಸಿನಿಂದ ಬಂದ ಕಾಗದವನ್ನು ವಾಪಸು ಕಳಿಸಿದರು. ನಾನು ಸಹಿ ಹಾಕಲಿಲ್ಲ. ಹೊರಡುವಾಗ ನನ್ನನ್ನು ಗೇಟಿನವರೆಗೂ ಕಳಿಸಲು ಬಂದು ಹೇಳಿದರು, "ಬುಧ್ವಾರ ಹೆಂಗಸ್ರ ಪಾಳಿ ಅದೆ ಕಣವ್ವ. ಕುಡ್ದೋರ್ ಮನೆ ಹೆಂಗಸ್ರು. ಡೇರಿ ಕೆಲ್ಸ ಮುಗುಸ್ಕಂಡ್ ಬಾ. ಪ್ಯಾಡ್ ನಾನ್ ಹಿಡೀತೀನಿ." ಬರ್ತೀನಿ ಎಂದೆ. ಚಿಕ್ಕಗಂಗಮ್ಮ ನಾನು ಒಬ್ಬಳೇ ಹೊರಟಿದ್ದು ನೋಡಿ ಏನೋ ಕೇಳಲು ಬಾಯಿ ತೆರೆದಳು. ನಾನು ಬ್ಯಾಗಿನ ಜಿಪ್ ತೆಗೆದು ಅವಳ ಮುಂದೆ ಹಿಡಿದು, "ಇನ್ಮೇಲೆ ನಂದೂ ನೋಡಕ್ಕಾ, ಬಿಡ್ಬೇಡ" ಎಂದೆ.

ಊರು ಸೇರುವಾಗ ಮೂರು ಗಂಟೆ ದಾಟಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದಳು. ತಲೆಗೆ ಹೂವು ಮುಡಿದಿದ್ದಳು. ನನ್ನ ಹಿಂದೆ, ನನ್ನ ಹಿಂದಿನ ರಸ್ತೆಯಲ್ಲಿ, ಬಸ್ಸು ನಿಲ್ಲುವ ಅರಳಿಕಟ್ಟೆಯ ತನಕ ಕಣ್ಣು ಹಾಯಿಸಿದಳು.

"ಎಲ್ಲಮ್ಮಿ ನನ್ ಮಗ?"

"ಬಿಟ್ಟು ಬಂದೆ ಅತ್ತೆ."

"ಬರಕಿಲ್ಲ ಅಂದ್ನಾ? ಮತ್ತೆ ಕುಡುದ್ನಾ?"

"ಕುಡೀಲಿಲ್ಲ. ಬರಕ್ಕೂ ತಯಾರಾಗಿದ್ರು. ನಾನೇ ಬೇಡ ಅಂದೆ."

"ಯಾಕೆ? ನಿಂಗೇನ್ ಬಂದಿತ್ತೇ ರೋಗ?" ಅತ್ತೆಯ ದನಿ ಬೀದಿಗೆಲ್ಲ ಕೇಳುವಷ್ಟು ಏರಿತು. ಎದುರು ಮನೆಯ ಕಿಟಕಿ ತೆರೆಯಿತು. ಒಳಗೆ ಹೋಗಿ ಹೇಳಬಹುದಿತ್ತು, ಹೋಗಲಿಲ್ಲ. ಚಪ್ಪಲಿ ಬಿಟ್ಟು ಅವಳ ಎದುರಿಗೆ ನಿಂತುಕೊಂಡೆ.

"ನೀವು ಇಷ್ಟು ವರ್ಷ ಶಾಪ ಹಾಕಿದ್ದು ನನಗೇ ಅತ್ತೆ. ಮಾಲೆ ತೆಗೆದ ದಿನ ನಿಮ್ಮ ಮಗಂಗೆ ತಂದು ಕೊಡ್ತಿದ್ದೋಳು ನಾನೇ. ಇವತ್ತೂ ತಗೊಂಡ್ ಹೋಗಿದ್ದೆ."

ಹೊಂಬಾಳಮ್ಮ ಹೊಸಿಲು ದಾಟಿ ಹತ್ತಿರ ಬಂದಳು. ಅವಳ ಕೈ ಮೇಲೆದ್ದಿತು. ನಾನು ಪಕ್ಕಕ್ಕೆ ಸರಿಯಲಿಲ್ಲ. ಏಟು ಬಿತ್ತು, ಕೆನ್ನೆಯ ಮೇಲೆ, ಎಪ್ಪತ್ತು ವರ್ಷದ ಮುದುಕಿಯ ಕೈಯಲ್ಲಿದ್ದ ಬಲವೆಲ್ಲ ಸೇರಿ. ಅಮ್ಮಾ ಎಂದು ಕೂಗಿಕೊಂಡೆ. ನೋವಾಯಿತು, ಬಹಳ ನೋವಾಯಿತು.